ರಾಬರ್ಟ್ ಲಾಖ್‌ಮನ್ ಕೇಳಿಸಿಕೊಂಡ ಅರಬ್ ಜನಪದ

ಅರಬ್ ಜನಪದ ಸಂಗೀತಕ್ಕೆ ಬದುಕನ್ನೇ ಮುಡಿಪಿಟ್ಟ ರಾಬರ್ಟ್ ಲಾಖ್‌ಮನ್ ಬಾಳಿದ್ದು 46 ವರ್ಷ. 1892ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು, 1939ರ ಮೇ ತಿಂಗಳಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು. ಭದ್ರವಾದ ಪ್ರಾಧ್ಯಾಪಕ ಹುದ್ದೆ ಅವರ ಪಾಲಿಗೆ ಬರಲಿಲ್ಲ. ಅವರ ಅತ್ಯುತ್ತಮ ಪುಸ್ತಕ ಅಚ್ಚಾಗಿ ಹೊರಬಂದಾಗ ಅವರೇ ಇರಲಿಲ್ಲ. ಕಟ್ಟಲು ಹೊರಟ ಸಂಗ್ರಹಾಲಯ ಅರ್ಧಕ್ಕೇ ನಿಂತಿತ್ತು. ಸಂಗೀತಶಾಸ್ತ್ರದ ವಲಯದ ಹೊರಗೆ ಇವತ್ತು ಅವರ ಹೆಸರು ಕೇಳಿದವರು ಕಡಮೆ.

ಆದರೂ ಕಳೆದ ನೂರು ವರ್ಷಗಳಲ್ಲಿ ಅರಬ್ ನಾಡುಗಳ ಹಾಡುಗಾರಿಕೆಯನ್ನು ಹೊರಗಿನಿಂದ ಬಂದು ಅಭ್ಯಾಸ ಮಾಡಿದವರಲ್ಲಿ ಯಾರ ಕೆಲಸ ಉಳಿಯಿತು ಎಂದು ಹಿಂದಿರುಗಿ ನೋಡುವಾಗ, ಈ ಪತ್ರಿಕೆ ಮೊದಲು ನಿಲ್ಲುವುದು ಲಾಖ್‌ಮನ್ ಅವರ ಬಳಿಯೇ. ಒಂದು ಹಾಡು ಯಾವ ದೇಶದ್ದು, ಯಾವ ಮತದ್ದು ಎಂದು ಕೇಳುವ ಮೊದಲು, ಅದನ್ನು ಯಾರು, ಯಾವ ಹೊತ್ತಿನಲ್ಲಿ, ಏತಕ್ಕಾಗಿ ಹಾಡುತ್ತಾರೆ ಎಂದು ಅವರು ಕೇಳಿದರು. ಅರಬರೂ ಯಹೂದಿಗಳೂ ಒಂದೇ ನೆಲದಲ್ಲಿ ಪರಸ್ಪರ ದೂರ ಸರಿಯುತ್ತಿದ್ದ ದಿನಗಳಲ್ಲಿ ಕೇಳಿದರು. ಅವರ ಸಾಧನೆಯ ತಿರುಳು ಇದು ಎಂಬುದು ನಮ್ಮ ನಿಲುವು. ಅವರ ಸಿದ್ಧಾಂತಗಳಲ್ಲಿ ಹಲವು ಬಿದ್ದುಹೋಗಿವೆ, ಈ ಪ್ರಶ್ನೆ ಬಿದ್ದಿಲ್ಲ.

ಅವರ ಕಿವಿ ಈ ಸಂಗೀತಕ್ಕೆ ತೆರೆದುಕೊಂಡದ್ದು ಒಂದು ಸೆರೆಶಿಬಿರದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನ ದಕ್ಷಿಣಕ್ಕಿರುವ ವ್ಯೂನ್ಸ್‌ಡಾರ್ಫ್ ಎಂಬಲ್ಲಿ ಜರ್ಮನ್ನರು ‘ಅರ್ಧಚಂದ್ರ ಶಿಬಿರ’ವನ್ನು ತೆರೆದಿದ್ದರು. ಫ್ರೆಂಚ್ ಮತ್ತು ಬ್ರಿಟಿಷ್ ಸೇನೆಗಳಲ್ಲಿ ಹೋರಾಡಿ ಸೆರೆಸಿಕ್ಕ ವಸಾಹತುಗಳ ಸೈನಿಕರು ಅಲ್ಲಿದ್ದರು: ಟ್ಯುನಿಸಿಯಾ, ಅಲ್ಜೀರಿಯಾ, ಮೊರಾಕ್ಕೊಗಳವರು, ಅವರ ಜೊತೆಗೆ ಭಾರತದವರೂ. ಅವರಲ್ಲಿದ್ದ ಮುಸ್ಲಿಂ ಸೈನಿಕರನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಳ್ಳುವ ಆಸೆಯಿಂದ ಜರ್ಮನ್ ಸರಕಾರ 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನೂ ಕಟ್ಟಿಸಿತ್ತು. ಪ್ರಷ್ಯದ ಧ್ವನಿಮುದ್ರಣ ಆಯೋಗ 1915ರಿಂದ 1918ರವರೆಗೆ ಇಂಥ ಶಿಬಿರಗಳಲ್ಲೆಲ್ಲ ಸುತ್ತಿ 1,650 ಗ್ರಾಮಫೋನ್ ಮುದ್ರಣಗಳನ್ನೂ ಸಾವಿರಕ್ಕೂ ಹೆಚ್ಚು ಮೇಣದ ಉರುಳೆಗಳನ್ನೂ ತುಂಬಿಸಿತು. ಅಲ್ಲಿ ದನಿ ಬಿಟ್ಟುಹೋದ ಭಾರತೀಯ ಸೈನಿಕರ ಬಗ್ಗೆ ಜರ್ಮನ್ ನಿರ್ದೇಶಕ ಫಿಲಿಪ್ ಶೆಫ್ನರ್ 2007ರಲ್ಲಿ ಒಂದು ಚಿತ್ರ ಮಾಡಿದ್ದಾರೆ. ಇಂಗ್ಲಿಷ್, ಫ್ರೆಂಚ್ ಓದಿಕೊಂಡಿದ್ದ ತರುಣ ಲಾಖ್‌ಮನ್ ಆ ಶಿಬಿರದಲ್ಲಿ ದುಭಾಷಿಯಾಗಿದ್ದರು. ಉತ್ತರ ಆಫ್ರಿಕದ ಹಾಡು ಅವರ ಕಿವಿಗೆ ಬಿದ್ದದ್ದು ಅಲ್ಲಿ.

ಮುಳ್ಳುತಂತಿಯ ಒಳಗೆ, ಸೆರೆ ಹಿಡಿದವರ ಯಂತ್ರದ ಮುಂದೆ ನಿಂತು ಹಾಡುವವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿದ್ದೀತು? ಆ ಕಾಲದ ವಿದ್ವಾಂಸರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಶಿಬಿರವನ್ನು ಅವರು ಸಂಶೋಧನೆಗೆ ಒದಗಿದ ಸದವಕಾಶ ಎಂದುಕೊಂಡರು. ಲಾಖ್‌ಮನ್ ಅವರ ಹೆಚ್ಚುಗಾರಿಕೆ ಏನೆಂದರೆ ಅವರು ಶಿಬಿರದಲ್ಲೇ ನಿಲ್ಲಲಿಲ್ಲ. ಅರಬ್ಬಿ ಕಲಿತರು. ಕಾರ್ಲ್ ಷ್ಟುಂಫ್, ಯೊಹಾನೆಸ್ ವೋಲ್ಫ್ ಅವರಲ್ಲಿ ಸಂಗೀತಶಾಸ್ತ್ರವನ್ನೂ ಓಯ್ಗೆನ್ ಮಿಟ್‌ವೋಖ್ ಅವರಲ್ಲಿ ಸೆಮಿಟಿಕ್ ಭಾಷೆಗಳನ್ನೂ ಓದಿದರು. ಟ್ಯುನಿಸಿಯಾದ ಪಟ್ಟಣಗಳ ಸಂಗೀತದ ಮೇಲೆ ಪ್ರಬಂಧ ಬರೆದು 1922ರಲ್ಲಿ ಡಾಕ್ಟರೇಟ್ ಪಡೆದರು. 1925ರಲ್ಲಿ ಯಂತ್ರ ಹೊತ್ತು ತ್ರಿಪೋಲಿಗೆ ಹೋದರು, ಆಮೇಲೆ ಮತ್ತೆ ಟ್ಯುನಿಸಿಯಾಕ್ಕೆ. ಸೆರೆಯಾಳುಗಳ ಹಾಡನ್ನು ಕೇಳಿಸಿಕೊಂಡವರು ಹಲವರಿದ್ದರು. ಅವರ ಊರು ಹುಡುಕಿಕೊಂಡು ಹೋಗಿ, ಮದುವೆ ಮನೆಯ ಅಂಗಳದಲ್ಲಿ ಕೂತು ಕೇಳಿದವರು ವಿರಳ.

ಹೊಟ್ಟೆಪಾಡಿಗೆ ಗ್ರಂಥಪಾಲಕನ ಕೆಲಸ. 1927ರಿಂದ ಬರ್ಲಿನ್ನಿನ ಪ್ರಷ್ಯ ರಾಜ್ಯ ಗ್ರಂಥಾಲಯದ ಸಂಗೀತ ವಿಭಾಗದಲ್ಲಿದ್ದರು. ನಿಜವಾದ ಪಾಠಶಾಲೆ ಬೇರೆ ಕಡೆ ಇತ್ತು: 1900ರಲ್ಲಿ ಆರಂಭವಾಗಿದ್ದ ಬರ್ಲಿನ್ ಫೋನೊಗ್ರಾಮ್ ಸಂಗ್ರಹಾಲಯ ಮತ್ತು ಅದರ ಹಿರಿಯ ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್. ಜಗತ್ತಿನ ಎಲ್ಲ ಮೂಲೆಗಳ ಹಾಡುಗಳನ್ನು ಒಂದೆಡೆ ಸೇರಿಸಿ, ಸ್ವರಗಳ ಅಂತರವನ್ನು ಅಳೆದು, ಹೋಲಿಸಿ ನೋಡುವ ಶಾಸ್ತ್ರ ಅಲ್ಲಿ ಬೆಳೆಯುತ್ತಿತ್ತು. 1929ರಲ್ಲಿ ಲಾಖ್‌ಮನ್ ಪೂರ್ವದೇಶಗಳ ಸಂಗೀತದ ಮೇಲೆ ಚಿಕ್ಕದೊಂದು ಪುಸ್ತಕ ಬರೆದರು. 1931ರಲ್ಲಿ ಈಜಿಪ್ಟಿನ ಮಹಮೂದ್ ಅಲ್-ಹೆಫ್ನಿಯವರ ಜೊತೆಗೂಡಿ, ಒಂಬತ್ತನೆಯ ಶತಮಾನದ ತತ್ತ್ವಜ್ಞಾನಿ ಅಲ್-ಕಿಂದಿ ಸಂಗೀತದ ಮೇಲೆ ಬರೆದ ಗ್ರಂಥವೊಂದನ್ನು ಸಂಪಾದಿಸಿ ಪ್ರಕಟಿಸಿದರು. ಹಳ್ಳಿಯ ಹಾಡು ಮತ್ತು ಶಾಸ್ತ್ರಗ್ರಂಥ ಎರಡನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಬಲ್ಲವರು ಆ ಕ್ಷೇತ್ರದಲ್ಲಿ ಆಗ ಬೆರಳೆಣಿಕೆಯಷ್ಟಿದ್ದರು.

ಆ ಕೆಲಸದ ಕಷ್ಟ ಎಂಥದೆಂದು ಸ್ವಲ್ಪ ಹೇಳಬೇಕು. ಮೇಣದ ಉರುಳೆ ಹಿಡಿಯುತ್ತಿದ್ದುದು ಎರಡು ಮೂರು ನಿಮಿಷದ ದನಿಯನ್ನು. ರಾತ್ರಿಯಿಡೀ ನಡೆಯುವ ಮದುವೆ ಹಾಡಿನಲ್ಲಿ ಯಾವ ಮೂರು ನಿಮಿಷ ಬೇಕೆಂದು ಸಂಶೋಧಕ ಸ್ಥಳದಲ್ಲೇ ತೀರ್ಮಾನಿಸಬೇಕು. ಕೇಳಿದ್ದನ್ನು ಬರೆದಿಡುವುದು ಇನ್ನೂ ಕಷ್ಟ. ಒಂದು ಸ್ಥಾಯಿಯನ್ನು 1,200 ಸೆಂಟ್‌ಗಳೆಂದು ಭಾಗಿಸಿದರೆ ಪಿಯಾನೊದ ಮೆಟ್ಟಿಲುಗಳು ನೂರು ನೂರರ ಲೆಕ್ಕದಲ್ಲಿ ಬರುತ್ತವೆ. ಅರಬ್ ಸಂಗೀತದಲ್ಲಿ ನಮ್ಮ ರಾಗಗಳಂತಿರುವ ಮಕಾಮ್‌ಗಳಲ್ಲಿ ಬಹುವಾಗಿ ಬಳಕೆಯಾಗುವ ಒಂದು ಗಾಂಧಾರ ಸುಮಾರು 350 ಸೆಂಟ್‌ಗಳ ಆಸುಪಾಸಿನಲ್ಲಿ, ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಊರಿಂದೂರಿಗೆ ಅಷ್ಟಿಷ್ಟು ಜರುಗುತ್ತ ನಿಲ್ಲುತ್ತದೆ. ಯುರೋಪಿನ ಐದು ಗೆರೆಗಳ ಲಿಪಿಯಲ್ಲಿ ಅದಕ್ಕೆ ಜಾಗವಿಲ್ಲ. ‘ಗ’ ಎಂದು ಬರೆದ ಮಾತ್ರಕ್ಕೆ ತೋಡಿಯ ಗಾಂಧಾರ ಕಾಗದದ ಮೇಲೆ ಬರುವುದಿಲ್ಲ ಎಂದು ಬಲ್ಲ ಕರ್ನಾಟಕ ಸಂಗೀತದ ಕೇಳುಗರಿಗೆ ಈ ಇಕ್ಕಟ್ಟು ಬೇಗ ಅರ್ಥವಾದೀತು. ಲಾಖ್‌ಮನ್ ಅಳೆದರು, ಲಿಪಿಗೆ ಹೆಚ್ಚುವರಿ ಗುರುತುಗಳನ್ನು ಸೇರಿಸಿ ಬರೆದರು. ಒಂದೇ ಹಾಡನ್ನು ಇಬ್ಬರು ಮೂವರಿಂದ ಹಾಡಿಸಿ ಕೇಳುವುದಕ್ಕೂ ಅವರು ಬೇಸರಪಡುತ್ತಿರಲಿಲ್ಲ.

ಇಷ್ಟೂ ದುಡಿಮೆಯ ಫಲವನ್ನು ಒಂದೇ ಕಡೆ ನೋಡಬೇಕೆಂದರೆ ಜೆರ್ಬಾ ದ್ವೀಪದ ಅಧ್ಯಯನವನ್ನು ನೋಡಬೇಕು. ಟ್ಯುನಿಸಿಯಾದ ದಕ್ಷಿಣ ಕರಾವಳಿಯ ಈ ದ್ವೀಪದಲ್ಲಿ ಬಹು ಹಳೆಯ ಯಹೂದಿ ಸಮುದಾಯವೊಂದು ಅರಬ್ಬಿ ಮಾತಾಡುತ್ತ, ಮುಸ್ಲಿಮರ ನೆರೆಯಲ್ಲಿ ಬಾಳಿಕೊಂಡು ಬಂದಿದೆ. ಲಾಖ್‌ಮನ್ ಅಲ್ಲಿಗೆ ಹೋದದ್ದು 1929ರಲ್ಲಿ. ಅವರು ಅಲ್ಲಿಯ ಹಾಡುಗಾರಿಕೆಯಲ್ಲಿ ಮೂರು ಪದರಗಳನ್ನು ಗುರುತಿಸಿದರು: ಪೂಜಾಮಂದಿರದಲ್ಲಿ ಧರ್ಮಗ್ರಂಥವನ್ನು ರಾಗವಾಗಿ ಓದುವುದು, ಹಬ್ಬಗಳಲ್ಲಿ ಗಂಡಸರು ಹಾಡುವ ಭಕ್ತಿಗೀತೆ, ಮತ್ತು ಮನೆಯೊಳಗೆ, ಮದುವೆ ಮುಂಜಿಗಳಲ್ಲಿ ಹೆಂಗಸರು ಹಾಡುವ ಅರಬ್ಬಿ ಹಾಡು. ಮೂರಕ್ಕೂ ಬೇರೆ ಬೇರೆ ನಿಯಮ. ಗ್ರಂಥಪಠಣದಲ್ಲಿ ಪಠ್ಯವೇ ಯಜಮಾನ, ಸ್ವರ ಅದರ ಹಿಂದೆ ನಡೆಯುತ್ತದೆ. ಗಂಡಸರ ಹಬ್ಬದ ಹಾಡುಗಳಲ್ಲಿ ಸುತ್ತಲಿನ ಅರಬ್ ಸಂಗೀತದ ಮಕಾಮ್‌ಗಳ ಛಾಯೆ ಬಿದ್ದಿದೆ. ಹೆಂಗಸರ ಹಾಡು ಇವೆರಡಕ್ಕೂ ಸೇರದು. ಚಿಕ್ಕ ವ್ಯಾಪ್ತಿಯ ಸ್ವರಗಳಲ್ಲಿ, ಒಂದೇ ಸಾಲನ್ನು ಮತ್ತೆ ಮತ್ತೆ ತಿರುಗಿಸುತ್ತ, ಡೋಲಿನ ಹೊಡೆತಕ್ಕೆ ಕಟ್ಟುಬಿದ್ದು ನಡೆಯುವ ಹಾಡದು. ತಮ್ಮದೇ ಮನೆಯ ಗಂಡಸರ ಹಾಡಿಗಿಂತ ಅದು ಹತ್ತಿರವಾಗಿದ್ದದ್ದು ಬೇರೆ ಮತ, ಬೇರೆ ಊರುಗಳ ಹೆಂಗಸರ ಹಾಡಿಗೆ.

ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನಮಗೆ ಮೈ ನವಿರೇಳುತ್ತದೆ. 1920ರ ದಶಕದಲ್ಲಿ ಸಂಗೀತಶಾಸ್ತ್ರದ ಪಂಡಿತರು ಹೆಂಗಸರ ಹಾಡನ್ನು ಸಂಗೀತವೆಂದು ಎಣಿಸುತ್ತಿದ್ದುದೇ ಅಪರೂಪ. ಅಂಥ ಹೊತ್ತಿನಲ್ಲಿ ಒಬ್ಬ ವಿದ್ವಾಂಸ ಅವರ ಹಾಡನ್ನು ಪವಿತ್ರ ಗ್ರಂಥದ ಪಠಣದಷ್ಟೇ ಗೌರವದಿಂದ ಲಿಪಿಗಿಳಿಸಿ, ಅದಕ್ಕೆ ತನ್ನದೇ ಆದ ಕಟ್ಟು ಇದೆ ಎಂದು ತೋರಿಸಿದರು. ಸೋಬಾನೆ ಪದವನ್ನೂ ಬೀಸುವ ಪದವನ್ನೂ ಕೇಳಿ ಬೆಳೆದ ಯಾರಿಗೇ ಆಗಲಿ ಇದು ಸಹಜ ಎನ್ನಿಸಬಹುದು. ಬರ್ಲಿನ್ನಿನ ಆ ವಿದ್ವತ್ತಿನ ನಡುವೆ ಅದು ಸಹಜವಾಗಿರಲಿಲ್ಲ. ಈ ಅಧ್ಯಯನ ಪುಸ್ತಕವಾಗಿ ಜೆರುಸಲೇಮಿನಲ್ಲಿ ಇಂಗ್ಲಿಷಿನಲ್ಲಿ ಬಂದದ್ದು 1940ರಲ್ಲಿ. ಜರ್ಮನ್ ಮೂಲ ಬೆಳಕು ಕಂಡದ್ದು 1978ರಲ್ಲಿ, ಅವರ ಕೆಲಸವನ್ನು ಮುಂದುವರಿಸಿದ ಈಡಿತ್ ಗೆರ್ಸನ್-ಕಿವಿ ಅವರ ಸಂಪಾದನೆಯಲ್ಲಿ.

ಲಾಖ್‌ಮನ್ ಅವರ ಹೆಸರು ಅರಬ್ ಜಗತ್ತಿನಲ್ಲಿ ಇವತ್ತಿಗೂ ಕೇಳಿಬರುವುದು ಕೈರೋ ಸಮ್ಮೇಳನದ ಕಾರಣದಿಂದ. 1932ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಈಜಿಪ್ಟಿನ ದೊರೆ ಒಂದನೆಯ ಫುವಾದ್ ಅವರ ಆಶ್ರಯದಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನ ಅದು. ಟ್ಯುನಿಸ್ ಬಳಿಯ ಸಿದಿ ಬು ಸಯಿದ್‌ನಲ್ಲಿ ನೆಲೆಸಿದ್ದ ಬ್ಯಾರನ್ ರೊಡಾಲ್ಫ್ ದ ಎರ್ಲಾಂಜೆ ಅದರ ಪ್ರೇರಕರು, ಅಲ್-ಹೆಫ್ನಿ ಅದರ ಕಾರ್ಯದರ್ಶಿ. ಯುರೋಪಿನಿಂದ ಬೇಲಾ ಬಾರ್ತೋಕ್, ಪೌಲ್ ಹಿಂಡೆಮಿತ್, ಹಾರ್ನ್‌ಬೋಸ್ಟೆಲ್, ಕುರ್ಟ್ ಸಾಕ್ಸ್, ಹೆನ್ರಿ ಫಾರ್ಮರ್ ಬಂದಿದ್ದರು. ಇರಾಕ್, ಸಿರಿಯಾ, ಟ್ಯುನಿಸಿಯಾ, ಅಲ್ಜೀರಿಯಾ, ಮೊರಾಕ್ಕೊಗಳಿಂದ ಗಾಯಕ ವಾದಕರ ಮೇಳಗಳು ಬಂದಿದ್ದವು. ಕೆಲಸವನ್ನು ಏಳು ಸಮಿತಿಗಳಿಗೆ ಹಂಚಿದ್ದರು. ಧ್ವನಿಮುದ್ರಣ ಸಮಿತಿಯ ಅಧ್ಯಕ್ಷ ಸ್ಥಾನ ಲಾಖ್‌ಮನ್ ಅವರದು, ಬಾರ್ತೋಕ್ ಅದರಲ್ಲಿ ಸದಸ್ಯರು.

ಉಳಿದ ಸಮಿತಿಗಳಲ್ಲಿ ವಾದವೋ ವಾದ. ಸ್ಥಾಯಿಯನ್ನು ಸಮನಾದ 24 ಕಾಲುಸ್ವರಗಳಾಗಿ ಕತ್ತರಿಸಬೇಕೆ, ಬೇಡವೆ? ಅರಬ್ ಸಂಗೀತಕ್ಕೆ ಪಿಯಾನೊ ಹೊಂದುತ್ತದೆಯೆ? ಆಧುನಿಕರಾಗಲು ಹಂಬಲಿಸುತ್ತಿದ್ದ ಈಜಿಪ್ಟಿನ ಹಲವರು ಹೌದು ಎಂದರು. ಯುರೋಪಿನಿಂದ ಬಂದವರಲ್ಲಿ ಅನೇಕರು ನಿಮ್ಮ ಹಳೆಯದನ್ನು ಕೆಡಿಸಿಕೊಳ್ಳಬೇಡಿ ಎಂದರು. ಸ್ವರಗಳ ಜಗಳ ಇತ್ಯರ್ಥವಾಗಲಿಲ್ಲ. ಉಳಿದುಬಂದದ್ದು ಲಾಖ್‌ಮನ್ ಸಮಿತಿಯ ಕೆಲಸ. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಯಂತ್ರಗಳಲ್ಲಿ ಆಸ್ಥಾನ ಸಂಗೀತ, ಸೂಫಿಗಳ ಧ್ಯಾನಗೋಷ್ಠಿ, ಕಾಪ್ಟಿಕ್ ಕ್ರೈಸ್ತರ ಪ್ರಾರ್ಥನೆ, ಮೈಮೇಲೆ ಬಂದ ಶಕ್ತಿಯನ್ನು ಒಲಿಸುವ ‘ಝಾರ್’ ಹಾಡು, ಹಳ್ಳಿಗರ ಹಾಡು ಎಲ್ಲವನ್ನೂ ಆ ಸಮಿತಿ ಮುದ್ರಿಸಿತು. ಇರಾಕಿನ ಮಹಾಗಾಯಕ ಮುಹಮ್ಮದ್ ಅಲ್-ಕುಬ್ಬಾಂಜಿ, ಅಲ್ಜೀರಿಯಾದ ತ್ಲೆಮ್ಸೆನ್ ಊರಿನ ಲಾರ್ಬಿ ಬೆನ್ಸಾರಿ, ಟ್ಯುನಿಸಿಯಾದ ಖಮೈಸ್ ತರ್ನಾನ್ ಇವರ ಅಂದಿನ ದನಿಗಳು ನಮಗೆ ಸಿಗುವುದು ಆ ತಟ್ಟೆಗಳಿಂದ. ಅಲ್-ಕುಬ್ಬಾಂಜಿಯವರ ಹಿಂದೆ ಕೂತ ವಾದ್ಯಗಾರರಲ್ಲಿ ಹೆಚ್ಚಿನವರು ಬಾಗ್ದಾದಿನ ಯಹೂದಿಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಇರಾಕಿನ ಸಂಗೀತದಲ್ಲಿ ಅಂದು ಅದು ಯಾರಿಗೂ ವಿಶೇಷವೆನಿಸಿರಲಿಲ್ಲ.

ಕೈರೋದಿಂದ ಮರಳಿದ ಮರುವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಎಂಬ ಕಾರಣಕ್ಕೆ ಲಾಖ್‌ಮನ್ ಅವರನ್ನು ಗ್ರಂಥಾಲಯದ ಕೆಲಸದಿಂದ ತೆಗೆದರು. ಅದೇ 1933ರಲ್ಲಿ ಅವರು ತೌಲನಿಕ ಸಂಗೀತಶಾಸ್ತ್ರದ ಪತ್ರಿಕೆಯೊಂದನ್ನು ಆರಂಭಿಸಿದ್ದರು. ಭಾರತೀಯ ಓದುಗರು ಗಮನಿಸಬೇಕಾದ ವಿಷಯ: ಭರತನ ನಾಟ್ಯಶಾಸ್ತ್ರದ ಸ್ವರವ್ಯವಸ್ಥೆಯ ಮೇಲೆ ಹಾರ್ನ್‌ಬೋಸ್ಟೆಲ್ ಮತ್ತು ಲಾಖ್‌ಮನ್ ಸೇರಿ ಬರೆದ ಲೇಖನ ಬಂದದ್ದು ಅದರ ಮೊದಲ ಸಂಪುಟದಲ್ಲೇ. ಪತ್ರಿಕೆ ಮೂರು ವರ್ಷಕ್ಕೆ ನಿಂತಿತು. ಗುಂಪು ಚದುರಿತು. ಹಾರ್ನ್‌ಬೋಸ್ಟೆಲ್ 1935ರಲ್ಲಿ ಕೇಂಬ್ರಿಜ್‌ನಲ್ಲಿ ತೀರಿಕೊಂಡರು, ಸಾಕ್ಸ್ ಪ್ಯಾರಿಸ್ ಮೂಲಕ ನ್ಯೂಯಾರ್ಕ್ ಸೇರಿದರು.

ಲಾಖ್‌ಮನ್ ಹೋದದ್ದು ಜೆರುಸಲೇಮಿಗೆ. ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್ 1935ರಲ್ಲಿ ಅವರನ್ನು ಕರೆಸಿಕೊಂಡು ಪೂರ್ವದೇಶಗಳ ಸಂಗೀತದ ಸಂಗ್ರಹಾಲಯ ಕಟ್ಟಲು ಹೇಳಿದರು. ಬರ್ಲಿನ್ನಿನಿಂದ ಜೊತೆಗೆ ಬಂದ ತಂತ್ರಜ್ಞ ವಾಲ್ಟರ್ ಶೂರ್ ಯಂತ್ರ ನೋಡಿಕೊಳ್ಳುತ್ತಿದ್ದರು. ಮೇಣದ ಉರುಳೆ ಬಿಟ್ಟು ಲೋಹದ ತಟ್ಟೆಗಳ ಮೇಲೆ ಮುದ್ರಣ. ನಾಲ್ಕೇ ವರ್ಷಗಳಲ್ಲಿ ಸಾವಿರದ ಹತ್ತಿರ ಹತ್ತಿರ ಮುದ್ರಣಗಳಾದವು. ಹಣದ ಅಡಚಣೆ ಮಾತ್ರ ಕೊನೆಯವರೆಗೂ ತಪ್ಪಲಿಲ್ಲ. ಆ ವರ್ಷಗಳಲ್ಲಿ ಅವರು ಸಂಗ್ರಹಾಲಯದ ಅಗತ್ಯವನ್ನು ವಿವರಿಸುತ್ತ ಮ್ಯಾಗ್ನೆಸ್ ಅವರಿಗೆ ಬರೆದ ಪತ್ರಗಳನ್ನು ಓದುವಾಗ ಸಂಕಟವಾಗುತ್ತದೆ. ಇಷ್ಟು ತಿಳಿದ ಮನುಷ್ಯ ತನ್ನ ಕೆಲಸ ಏಕೆ ಬೇಕು ಎಂದು ಮತ್ತೆ ಮತ್ತೆ ಒಪ್ಪಿಸಬೇಕಾಗಿ ಬಂತಲ್ಲ!

1936ರ ಮಾರ್ಚಿನಲ್ಲಿ ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೈನ್ ಬಾನುಲಿ ಆರಂಭವಾಯಿತು. ಮರುತಿಂಗಳೇ ಅರಬರ ಬಂಡಾಯ ಭುಗಿಲೆದ್ದಿತು, ಆರು ತಿಂಗಳ ಸಾರ್ವತ್ರಿಕ ಮುಷ್ಕರ ನಡೆಯಿತು. ಆ ವರ್ಷದ ನವೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ಲಾಖ್‌ಮನ್ ಅದೇ ಬಾನುಲಿಯಲ್ಲಿ 12 ಉಪನ್ಯಾಸಗಳನ್ನು ಕೊಟ್ಟರು. ಅವು ಬರೀ ಮಾತಿನ ಉಪನ್ಯಾಸಗಳಾಗಿರಲಿಲ್ಲ, ಹಾಡುಗಾರರನ್ನು ಸ್ಟುಡಿಯೊಕ್ಕೆ ಕರೆತಂದು ಹಾಡಿಸುತ್ತಿದ್ದರು. ನಾಬ್ಲುಸಿನ ಸಮಾರ್ಯರು, ಯೆಮೆನಿನ ಯಹೂದಿಗಳು, ಕುರ್ದ್ ಯಹೂದಿಗಳು, ಕಾಪ್ಟಿಕ್ ಕ್ರೈಸ್ತರು, ರಬಾಬ ನುಡಿಸುತ್ತ ಕಾವ್ಯ ಹಾಡುವ ಬೆದುಯಿನರು, ಮದುವೆ ಹಾಡು ಹಾಡುವ ಪ್ಯಾಲೆಸ್ಟೈನಿನ ಹಳ್ಳಿಗರು ಸರದಿಯ ಮೇಲೆ ಬಂದರು. ಕೈರೋದಲ್ಲಿ ಅಲ್-ಕುಬ್ಬಾಂಜಿಯವರ ಮೇಳದಲ್ಲಿದ್ದ ಔದ್ ವಾದಕ ಎಝ್ರಾ ಅಹರೋನ್ ಅಷ್ಟರಲ್ಲಿ ಜೆರುಸಲೇಮಿಗೆ ಬಂದಿದ್ದರು, ಅವರೂ ನುಡಿಸಿದರು. ಹೊರಗೆ ಇನ್ನೂ ಆರದ ಬಂಡಾಯದ ಬೇಗೆ. ಒಳಗೆ ಒಬ್ಬ ದೇಶಭ್ರಷ್ಟ ವಿದ್ವಾಂಸ ಈ ಎಲ್ಲರ ಹಾಡುಗಳೂ ಒಂದೇ ಪ್ರದೇಶದ ಕುಟುಂಬಕ್ಕೆ ಸೇರಿದವು, ಒಂದನ್ನು ಬಿಟ್ಟು ಇನ್ನೊಂದು ತಿಳಿಯದು ಎಂದು ಸ್ವರ ಸ್ವರ ಹಿಡಿದು ತೋರಿಸುತ್ತಿದ್ದರು. ಅವರ ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ಎತ್ತರದ ಕೆಲಸವಿಲ್ಲವೆಂದು ನಾವು ಭಾವಿಸುತ್ತೇವೆ. ಉಪನ್ಯಾಸಗಳ ಭಾಷೆ ಇಂಗ್ಲಿಷ್ ಆಗಿತ್ತು. ಹಾಡಿದವರಲ್ಲಿ ಬಹುಮಂದಿಗೆ ತಮ್ಮ ಬಗ್ಗೆ ಏನು ಹೇಳುತ್ತಿದ್ದಾರೆಂದು ತಿಳಿದಿರಲಿಕ್ಕಿಲ್ಲ. ಆ ಕೊರತೆ ನಿಜ, ನೋವಿನದು ಕೂಡ.

ಕೊರತೆಗಳ ಮಾತು ಬಂದಾಗ ದೊಡ್ಡದನ್ನು ಹೇಳದೆ ಬಿಡಲಾಗದು. ಲಾಖ್‌ಮನ್ ಮತ್ತು ಅವರ ಗೆಳೆಯರಿಗೆ ಹಳೆಯದು ಎಂದರೆ ಶುದ್ಧ, ಹೊಸದು ಎಂದರೆ ಕಲಬೆರಕೆ. ಕೈರೋದ ಬೀದಿಗಳಲ್ಲಿ, ಗ್ರಾಮಫೋನ್ ಅಂಗಡಿಗಳಲ್ಲಿ ಆ ಹೊತ್ತಿಗೆ ಜನರು ಕಿವಿಗೊಡುತ್ತಿದ್ದದ್ದು ಉಮ್ ಕುಲ್ಸುಮ್ ಅವರಿಗೆ, ಮುಹಮ್ಮದ್ ಅಬ್ದುಲ್ ವಹಾಬ್ ಅವರಿಗೆ. ಅವರ ಹೊಸ ಹಾಡುಗಳಿಗೆ ಸಮಿತಿಯ ಸಂಗ್ರಹದಲ್ಲಿ ಜಾಗ ಸಿಗಲಿಲ್ಲ. ಲೆಬನಾನ್ ಮೂಲದ ವಿದ್ವಾಂಸ ಅಲಿ ಜಿಹಾದ್ ರಾಸಿ ಈ ಸಮ್ಮೇಳನದ ಬಗ್ಗೆ 1991ರಲ್ಲಿ ಬರೆದ ಪ್ರಬಂಧ, ಅಲ್ಲಿ ಎದುರುಬದುರಾದ ಎರಡು ಲೋಕದೃಷ್ಟಿಗಳನ್ನು ಬಿಡಿಸಿ ತೋರಿಸುತ್ತದೆ. ತಮ್ಮ ಸಂಗೀತ ಹೇಗೆ ಬದಲಾಗಬೇಕು ಎಂದು ತೀರ್ಮಾನಿಸುವ ಹಕ್ಕು ಈಜಿಪ್ಟಿನವರದು. ಹೊರಗಿನಿಂದ ಬಂದವರು ಬದಲಾಗಬೇಡಿ ಎಂದದ್ದು ಎಷ್ಟೇ ಪ್ರೀತಿಯಿಂದಿರಲಿ, ಅದರಲ್ಲಿ ಯಜಮಾನಿಕೆಯ ಧ್ವನಿ ಇತ್ತು. ಉತ್ತರ ಆಫ್ರಿಕದ ಬರ್ಬರರ ಹಾಡಿಗೆ ದೂರದ ಏಷ್ಯದ ನಾಡುಗಳಲ್ಲಿ ಸಮಾನಾಂತರಗಳನ್ನು ಹುಡುಕಿದ ಲಾಖ್‌ಮನ್ ಅವರ ಬರಹಗಳೂ ಇವತ್ತು ನಿಲ್ಲುವುದಿಲ್ಲ. ಅಷ್ಟು ದೂರದ ಹೋಲಿಕೆಗೆ ಬೇಕಾದ ಆಧಾರ ಅವರ ಕೈಯಲ್ಲಿರಲಿಲ್ಲ. ಮನೆ ಮನೆಗೆ ಹೋಗಿ ಕೇಳಿದ ಜೆರ್ಬಾದ ಬರಹ ನಿಂತಿತು, ಸಂಗ್ರಹಾಲಯದ ಮೇಜಿನ ಮೇಲೆ ಹೊಸೆದ ಖಂಡಾಂತರ ಸಿದ್ಧಾಂತ ಬಿದ್ದಿತು.

ಅವರ ನಂತರ ಏನಾಯಿತು? ಎರಡನೆಯ ಮಹಾಯುದ್ಧದ ಕೊನೆಗೆ ಬರ್ಲಿನ್ನಿನ ಉರುಳೆಗಳಲ್ಲಿ ಬಹುಭಾಗ ಲೆನಿನ್‌ಗ್ರಾದ್ ಸೇರಿ, ಅಲ್ಲಿಂದ ಪೂರ್ವ ಬರ್ಲಿನ್ನಿಗೆ ಬಂದು, ಜರ್ಮನಿ ಒಂದಾದ ಮೇಲೆ ತಮ್ಮ ಮೂಲ ಮನೆಗೆ ಮರಳಿದವು. 1999ರಲ್ಲಿ ಯುನೆಸ್ಕೊ ಆ ಸಂಗ್ರಹವನ್ನು ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು. ಜೆರುಸಲೇಮಿನ ತಟ್ಟೆಗಳು ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಧ್ವನಿ ಸಂಗ್ರಹದಲ್ಲಿವೆ. 12 ಬಾನುಲಿ ಉಪನ್ಯಾಸಗಳನ್ನು ಕೇಂಬ್ರಿಜ್‌ನ ರೂತ್ ಡೇವಿಸ್ 2013ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಕೈರೋ ಸಮ್ಮೇಳನದ ಮುದ್ರಣಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಮತ್ತು ಅಬುಧಾಬಿಯ ನೆರವಿನಿಂದ 18 ಸಿ.ಡಿ.ಗಳ ಸಂಪುಟವಾಗಿ ಹೊರಬಂದವು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಮುಖ್ಯವೆನಿಸುವುದು ಪ್ಯಾಲೆಸ್ಟೈನಿನ ಕಲಾವಿದೆ ಜುಮಾನಾ ಮನ್ನಾ ಮಾಡಿದ ಕೆಲಸ. ಲಾಖ್‌ಮನ್ ಮುದ್ರಿಸಿದ ದನಿಗಳನ್ನು ಹೊತ್ತು ಅವರು ಅದೇ ಸಮುದಾಯಗಳ ಇಂದಿನವರ ಮನೆಗಳಿಗೆ ಹೋದರು. ಕುರ್ದ್, ಮೊರಾಕ್ಕೊ, ಯೆಮೆನ್ ಮೂಲದ ಯಹೂದಿಗಳು, ಸಮಾರ್ಯರು, ಬೆದುಯಿನರು, ಹಳ್ಳಿಯ ಪ್ಯಾಲೆಸ್ಟೈನಿಯರು, ಕಾಪ್ಟರು, ಎಲ್ಲರ ಅಡುಗೆಮನೆ ನಡುಮನೆಗಳಲ್ಲಿ ಅವನ್ನು ಕೇಳಿಸಿದರು. ಆ ಜನ ಕೇಳಿ, ಮಾತಾಡಿ, ತಮ್ಮ ಹಾಡನ್ನು ಹಾಡಿದ್ದನ್ನು ಮನ್ನಾ ತಮ್ಮ 2015ರ ಚಿತ್ರದಲ್ಲಿ ಸೇರಿಸಿದರು. ಲಾಖ್‌ಮನ್ ಸಂಗ್ರಹ ಹಾಡಿದವರ ಮಕ್ಕಳು ಮೊಮ್ಮಕ್ಕಳ ಕಿವಿಗೆ ತಲುಪಿದ್ದು ಹೀಗೆ. ವಿದ್ವಾಂಸನ ಕೆಲಸ ಅಲ್ಲಿಗೆ ಮುಟ್ಟಬೇಕಿತ್ತು, ತಡವಾಗಿಯಾದರೂ ಮುಟ್ಟಿತು.

ಇಂಥದೇ ಒಂದು ಮರುಪಯಣ ನಮ್ಮ ನೆಲದಲ್ಲೂ ನಡೆದಿದೆ. ಲಾಖ್‌ಮನ್ ಅವರ ಕಾಲದವರೇ ಆದ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಊರುಗಳಲ್ಲಿ ಹಾಡು ಕುಣಿತಗಳನ್ನು ಮುದ್ರಿಸಿಕೊಂಡು ಹೋಗಿದ್ದರು. 1984ರಲ್ಲಿ ನಝೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದು ಅದೇ ಊರುಗಳಿಗೆ ಹೋಗಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿ ಬಂದರು.

ಆಮೇಲೆ ಕನ್ನಡದ ಜನಪದ ವಿದ್ವಾಂಸರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಸುತ್ತಿದ್ದಾರೆ. ಆ ಕ್ಯಾಸೆಟ್‌ಗಳಲ್ಲಿ ಎಷ್ಟೋ ಇನ್ನೂ ನಿವೃತ್ತ ಅಧ್ಯಾಪಕರ ಮನೆಗಳ ಕಪಾಟುಗಳಲ್ಲಿವೆ. ಅಂಥ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದರೆ ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭವನ್ನು ಇವತ್ತೇ ಅದರ ಮೇಲೆ ಬರೆಯಿರಿ. ಒಂದು ಪ್ರತಿಯನ್ನು ಹತ್ತಿರದ ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೆ ಕೊಡಿ, ಇನ್ನೊಂದನ್ನು ಹಾಡಿದವರ ಮನೆಗೆ ತಲುಪಿಸಿ.